ಏಲಕ್ಕಿ ಕೊಟ್ಟು ಕರೆಯುತ್ತಿದ್ದ ಖಾಲಾ

ಹಲಸೂರು ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿದರೆ ಒಂದು ಚಹಾದಂಗಡಿ ಸಿಗುತ್ತದೆ. ಅಂಗಡಿಯವನು ಏಲಕ್ಕಿಯನ್ನು ಸಿಪ್ಪೆ ಸಮೇತ ಕುಟ್ಟಿ ಹಾಕುತ್ತಾನೆ. ಕಳೆದ ವಾರ ಅವನು ಕುಟ್ಟುತ್ತಿದ್ದಾಗ ನಾನು ಪಕ್ಕದಲ್ಲೇ ನಿಂತಿದ್ದೆ, ವಾಸನೆ ನೇರ ಮೂಗಿಗೆ ಬಂತು. ಈಗ ನಾನು "ಥಟ್ಟನೆ ಹಳೆಯದೆಲ್ಲ ಕಣ್ಣ ಮುಂದೆ ಬಂತು" ಎಂದು ಬರೆಯಬೇಕು. ಹಾಗೇನೂ ಆಗಲಿಲ್ಲ. ನಾಲಿಗೆ ಸುಟ್ಟುಕೊಂಡೆ, ಮನೆಗೆ ಹೋದೆ, ಪಾತ್ರೆ ತೊಳೆಯಲು ನಿಂತೆ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಏಲಕ್ಕಿ ಸಿಪ್ಪೆಯೊಂದನ್ನು ನಾಲಿಗೆಯಿಂದ ಬಿಡಿಸಲು ಒದ್ದಾಡುತ್ತಿದ್ದಾಗ, ಮೆಹರ್ ಖಾಲಾ ಈಗ ಇದ್ದಾರೋ ಇಲ್ಲವೋ ಎನ್ನುವುದು ಕೂಡ ನನಗೆ ಗೊತ್ತಿಲ್ಲವಲ್ಲ ಅನ್ನಿಸಿತು. ನೆನಪು ಎನ್ನುವುದು ನನ್ನ ಮಟ್ಟಿಗೆ ಹೀಗೆಯೇ ಬರುತ್ತದೆ. ತಡವಾಗಿ ಬರುತ್ತದೆ, ಬರುವಾಗ ಒಂದು ಕಿರಿಕಿರಿಯನ್ನೂ ಜೊತೆಗೆ ತರುತ್ತದೆ.

ಖಾಲಾ ಎಂದರೆ ಚಿಕ್ಕಮ್ಮ, ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೆ. ಮೊದಲು ಅವರು ಮಾಡುತ್ತಿದ್ದ ಕೆಲಸವನ್ನು ನಿಮಗೆ ಹೇಳಬೇಕು. ಅದೊಂದು ಕೆಲಸ ಎಂದು ನಂಬಲು ನನಗೇ ಬಹಳ ಸಮಯ ಹಿಡಿಯಿತು. ಶಿವಾಜಿನಗರ, ಫ್ರೇಜರ್ ಟೌನ್ ಕಡೆಯ ಕೆಲವು ಹಳೆಯ ಮುಸ್ಲಿಂ ಮನೆಗಳಲ್ಲಿ ಮದುವೆ ಗೊತ್ತಾದರೆ ಕಾರ್ಡು ಹಂಚುವುದು ಗಂಡಸರ ಪಾಲು. ಆದರೆ ಕಾರ್ಡು ಬಂದ ಮಾತ್ರಕ್ಕೆ ಮನೆಯ ಹೆಂಗಸರನ್ನು ಕರೆದಂತಾಗಲಿಲ್ಲ. ಅವರನ್ನು ಕರೆಯಲು ಒಬ್ಬ ಹೆಂಗಸೇ ಬರಬೇಕು. ಬಾಗಿಲಲ್ಲಿ ನಿಂತು ಹೇಳಿದರೆ ಲೆಕ್ಕಕ್ಕಿಲ್ಲ. ಒಳಗೆ ಬಂದು, ಕೂತು, ಕೊಟ್ಟ ನೀರು ಕುಡಿದು, ಮದುವೆಮನೆಯ ಯಜಮಾನಿಯ ಸಲಾಂ ಹೇಳಿ, ಬೆಳ್ಳಿ ಕಾಗದದಲ್ಲಿ ಸುತ್ತಿದ ಒಂದು ಏಲಕ್ಕಿಯನ್ನು ಮನೆಯ ಹಿರಿಯಳ ಅಂಗೈಯಲ್ಲಿಡಬೇಕು. ಅದಕ್ಕೆ ಬುಲಾವಾ ಎನ್ನುತ್ತಾರೆ, ಕರೆ ಅಂತ ಅರ್ಥ. ಏಲಕ್ಕಿ ತೆಗೆದುಕೊಂಡ ಮೇಲೆ ಮದುವೆಗೆ ಹೋಗದಿರುವುದು ಮರ್ಯಾದೆಯಲ್ಲ. ಎಲ್ಲ ಮನೆಗಳಲ್ಲೂ ಈ ಪದ್ಧತಿ ಇತ್ತೆಂದು ನಾನು ಹೇಳಲಾರೆ, ನಾನು ಕಂಡ ಕಾಲಕ್ಕೇ ಅದು ಉಳಿದಿದ್ದ ಮನೆಗಳು ಕಡಿಮೆ. ಉಳಿದಷ್ಟಕ್ಕೂ ಮೆಹರ್ ಖಾಲಾ ಒಬ್ಬರೇ ಹೋಗುತ್ತಿದ್ದರು. ಮದುವೆಮನೆಯವರು ಸೀರೆ ಕೊಟ್ಟು ಕೈಗೆ ಒಂದಿಷ್ಟು ದುಡ್ಡು ಹಾಕುತ್ತಿದ್ದರು. ಕರೆಸಿಕೊಂಡ ಮನೆಗಳಲ್ಲಿ ಅಕ್ಕಿಯೋ ಬೆಲ್ಲವೋ ಮಡಿಚಿಟ್ಟ ಹಳೆಯ ಬಟ್ಟೆಯೋ ಸಿಗುತ್ತಿತ್ತು. ಖಾಲಾ ಮತ್ತು ವಿಧವೆ ಮಗಳು ನೂರ್, ಇಬ್ಬರ ಸಂಸಾರ ಅದರಲ್ಲೂ ನೂರ್ ಸೀರೆಗಳಿಗೆ ಫಾಲ್ಸ್ ಹೊಲಿದು ತರುತ್ತಿದ್ದುದರಲ್ಲೂ ನಡೆಯುತ್ತಿತ್ತು.

ನಾನು ಆಗ ಫ್ರೇಜರ್ ಟೌನಿನ ಒಂದು ಗಲ್ಲಿಯಲ್ಲಿ ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿದ್ದೆ. ಶಿವಾಜಿನಗರದಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಪ್ರೆಸ್ಸೊಂದರಲ್ಲಿ ಕರಡು ನೋಡುವ ಕೆಲಸ. ದಿನವಿಡೀ ಯಾರ್ಯಾರನ್ನೋ ಕರೆಯುವ ಸಾಲುಗಳನ್ನು ಓದಿ ಸಂಜೆ ಯಾರೂ ಕರೆಯದ ಕೋಣೆಗೆ ಮರಳುತ್ತಿದ್ದೆ ಎಂದು ಬರೆದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಆಗ ನನಗೆ ಹಾಗೆ ಅನ್ನಿಸುತ್ತಿರಲಿಲ್ಲ. ಆಗ ಅನ್ನಿಸುತ್ತಿದ್ದದ್ದು ಕಣ್ಣುನೋವು, ಮತ್ತು ರಾತ್ರಿಗೆ ಅನ್ನ ಮಾಡುವುದೋ ಬ್ರೆಡ್ಡಿನಲ್ಲೇ ಮುಗಿಸುವುದೋ ಎಂಬ ಯೋಚನೆ.

ಖಾಲಾ ಒಂದು ಸಂಜೆ ಕೆಳಗಿನ ಮನೆಯವರನ್ನು ಕರೆಯಲು ಬಂದಿದ್ದರು. ಅವರು ಕರೆದು ಹೊರಬರುವಾಗ ನಾನು ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಉಂಗುಷ್ಠಕ್ಕೆ ಪಿನ್ನು ಹಾಕುತ್ತಿದ್ದೆ. ಅವರು ನಿಂತರು. ಕೈಚೀಲದಲ್ಲಿ ಕೈಯಾಡಿಸಿ ಒಂದು ಏಲಕ್ಕಿ ತೆಗೆದು ನನ್ನ ಕೈಯಲ್ಲಿಟ್ಟು, "ನೀನೂ ಬರಬೇಕಮ್ಮಾ, ಬೇಗಂ ಸಾಹೇಬರು ಹೇಳಿ ಕಳ್ಸವ್ರೆ" ಅಂದರು. ಮದುವೆಮನೆಯ ಆ ಬೇಗಂ ಸಾಹೇಬರಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ. ಅದು ಕೈತಪ್ಪಿ ಆದದ್ದೋ ಕನಿಕರವೋ ಎಂದು ಆಮೇಲೆ ನಾನು ಕೇಳಿದ್ದುಂಟು. "ಮೆಟ್ಟಿಲ ಮೇಲೆ ಕೂತಿದ್ದೆಯಲ್ಲ, ದಾಟ್ಕೊಂಡು ಹೋಗೋಕಾಗುತ್ತಾ?" ಅಂದಿದ್ದರು. ಇನ್ನೊಮ್ಮೆ ಕೇಳಿದಾಗ, "ನಿನ್ನನ್ನ ಕೆಳಗಿನ ಮನೆಯೋರ ತಂಗಿ ಅಂದ್ಕೊಂಡಿದ್ದೆ" ಅಂದರು. ನನಗೆ ಎರಡನೆಯದೇ ನಿಜ ಅನ್ನಿಸುತ್ತದೆ, ಮೊದಲನೆಯದು ಇಷ್ಟವಾಗುತ್ತದೆ.

ನಾನು ಮದುವೆಗೆ ಹೋದೆ. ಈ ಊರಿಗೆ ಬಂದ ಮೇಲೆ ನನ್ನನ್ನು ಯಾರಾದರೂ ಕೈಯಲ್ಲಿ ಏನನ್ನಾದರೂ ಇಟ್ಟು ಕರೆದದ್ದು ಅದೇ ಮೊದಲು. ಮಾಸಲು ಹಸಿರು ರೇಷ್ಮೆ ಸೀರೆ ಉಟ್ಟಿದ್ದೆ. ಅಲ್ಲಿನ ಜರಿ, ಮಿನುಗು, ಕಲ್ಲುಗಳ ನಡುವೆ ಯಾರೋ ಮರೆತು ಬಿಟ್ಟುಹೋದ ಮೆತ್ತೆಯ ಹಾಗೆ ಕಾಣುತ್ತಿದ್ದೆನೇನೋ. ಮಾಂಸ ತಿನ್ನುವ ಮನೆಯಿಂದ ಬಂದವಳಲ್ಲ. ಹಾಗಾಗಿ ಬಿರಿಯಾನಿ ಬೇಡವೆಂದು ಬರೀ ಅನ್ನ ಕೇಳಿ, ಮೇಲೆ ಬೇಳೆಸಾರು ಎಂದುಕೊಂಡು ದಾಲ್ಚಾ ಸುರಿದುಕೊಂಡು, ಎರಡು ಸಲ ಹಾಕಿಸಿಕೊಂಡು ಉಂಡೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ತಟ್ಟೆಯಲ್ಲಿನ ಮೂಳೆಯನ್ನು ನೋಡಿ ನನ್ನ ಮುಖ ನೋಡಿದರು. ಬ್ರೆಡ್ ಹಲ್ವಾ ನನ್ನ ಕಡೆ ತಳ್ಳಿದರು, ಅಷ್ಟೇ.

ಅಲ್ಲಿಂದ ಮುಂದೆ ಖಾಲಾ ನನ್ನ ಕೋಣೆಗೂ ಬರತೊಡಗಿದರು. ಗಲ್ಲಿಗಳನ್ನೆಲ್ಲ ಸುತ್ತಿ ಸಾಕಾದಾಗ ಮೇಲೆ ಹತ್ತಿ ಬಂದು, ಬುರ್ಖಾ ತೆಗೆದು ಕಿಟಕಿಯ ಸರಳಿಗೆ ನೇತುಹಾಕಿ, ತಣ್ಣನೆಯ ನೆಲದ ಮೇಲೆ ಕಾಲು ಚಾಚಿ ಕೂರುತ್ತಿದ್ದರು. "ಪ್ರೆಸ್ಸಮ್ಮಾ, ಕಾಫಿ ಇಡು, ಕಾಲು ನಂದಲ್ಲ ಅನ್ನಿಸ್ತೈತೆ" ಎನ್ನುತ್ತಿದ್ದರು. ನನಗೆ ಅವರಿಟ್ಟ ಹೆಸರು ಅದು. ಕಾಫಿ ಕುಡಿಯುತ್ತಾ ನನ್ನ ಉದ್ಯೋಗವನ್ನು ಕೆಣಕುವುದು ಅವರ ಅಭ್ಯಾಸ. "ನಿನ್ನ ಕಾರ್ಡು ಗೇಟಿನ ತನಕ. ನನ್ನ ಏಲಕ್ಕಿ ಅಡಿಗೆಮನೆ ತನಕ. ಯಾರು ದೊಡ್ಡೋರು ಹೇಳು?"

ಅವರಿಗೆ ಓದು ಬರುತ್ತಿರಲಿಲ್ಲ. ಇಡೀ ಬೀದಿಯ ಮನೆಗಳನ್ನು ತಲೆಯಲ್ಲೇ ಇಟ್ಟುಕೊಂಡಿರುತ್ತಿದ್ದರು. ಹಾಗೆಂದು ಅವರದು ಅದ್ಭುತ ನೆನಪು ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಧಾರಾಳವಾಗಿ ಮರೆಯುತ್ತಿದ್ದರು. ಒಮ್ಮೆ ಮಾತು ಬಿಟ್ಟಿದ್ದ ಓರಗಿತ್ತಿಯರಿಬ್ಬರಲ್ಲಿ ಕರೆಯಬೇಕಾದವಳನ್ನು ಬಿಟ್ಟು ಕರೆಯಬಾರದವಳಿಗೆ ಏಲಕ್ಕಿ ಕೊಟ್ಟು ಬಂದಿದ್ದರು. ಏಲಕ್ಕಿ ಸಿಕ್ಕವಳು ಮದುವೆಗೆ ಬಂದಳು, ಸಿಗದವಳು ಅದನ್ನು ಕೇಳಿ ಸಿಟ್ಟಿನಿಂದ ಕರೆಯದೆಯೇ ಬಂದಳು, ಅಲ್ಲೇ ಅತ್ತುಕೊಂಡು ಇಬ್ಬರೂ ಒಂದಾದರಂತೆ. "ನಾನು ಬೇಕೂ ಅಂತಲೇ ಮಾಡಿದ್ದು" ಎಂದು ಖಾಲಾ ಎದೆಯುಬ್ಬಿಸಿ ಹೇಳುತ್ತಿದ್ದರು. ತಪ್ಪು ಒಳ್ಳೆಯದಾಗಿ ಮುಗಿದರೆ ಬೇಕೆಂದೇ ಮಾಡಿದ್ದು, ಕೆಟ್ಟದಾಗಿ ಮುಗಿದರೆ ದೇವರ ಮರ್ಜಿ.

ಆಮೇಲೆ ಊರಿಗೆಲ್ಲ ಆ ಕಾಯಿಲೆ ಬಂತು. ನೀವೂ ಆ ದಿನಗಳನ್ನು ಕಂಡವರೇ, ಅದರ ವರ್ಣನೆ ನನ್ನಿಂದ ನಿಮಗೆ ಬೇಕಿಲ್ಲ. ನನಗೂ ಅದು ಸಾಲಾಗಿ ನೆನಪಿಲ್ಲ. ಒಂದು ದಿನ ಮದುವೆ ಕಾರ್ಡುಗಳ ಕಟ್ಟುಗಳು ಅಚ್ಚಾಗಿ, ಒಣಗಿ, ದಾರ ಕಟ್ಟಿಸಿಕೊಂಡು ಪ್ರೆಸ್ಸಿನ ಕಟ್ಟೆಯ ಮೇಲೆ ಕೂತಿದ್ದವು. ತೆಗೆದುಕೊಂಡು ಹೋಗಲು ಯಾರೂ ಬರಲಿಲ್ಲ. ಪ್ರೆಸ್ಸಿನ ಷಟರ್ ಎಳೆದರು. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳೂ ಮುಚ್ಚಿದವು, ನೂರ್‌ಗೆ ಹೊಲಿಯಲು ಸೀರೆ ಬರುವುದು ನಿಂತಿತು. ಉಳಿದಿದ್ದ ಫಾಲ್ಸ್ ಬಟ್ಟೆಯಲ್ಲೇ ಅವಳು ಮಾಸ್ಕ್ ಹೊಲಿದಳು. ಶಿವಾಜಿನಗರದಲ್ಲಿ ಹೊಲಿಗೆ ಯಂತ್ರವಿದ್ದವರೆಲ್ಲ ಮಾಸ್ಕನ್ನೇ ಹೊಲಿಯುತ್ತಿದ್ದರು. ಕೊಳ್ಳುವವರಿಗಿಂತ ಹೊಲಿಯುವವರೇ ಜಾಸ್ತಿಯಾಗಿದ್ದರು. ಕೆಲವು ವಾರಗಳಾದ ಮೇಲೆ ಹಿಂದಿನ ಗಲ್ಲಿಯಲ್ಲಿದ್ದ ಅವರ ಕೋಣೆಯ ಕಿಟಕಿಯಿಂದ ಯಂತ್ರದ ಸದ್ದು ಕೇಳಿಸುವುದು ನಿಂತಿತು. ಯಂತ್ರವನ್ನೇ ಯಾರಿಗೋ ಕೊಟ್ಟಿದ್ದರೆಂದು ನನಗೆ ಆಮೇಲೆ ತಿಳಿಯಿತು.

ಖಾಲಾ ವಿಷಯ ಇನ್ನೂ ಕಷ್ಟದ್ದು. ಅಂಗಡಿಯವನ ಕೆಲಸ ನಿಂತರೆ ಅಂಗಡಿ ಮತ್ತೆ ತೆಗೆಯುವವರೆಗೆ ಕಾಯಬಹುದು. ಖಾಲಾ ಬದುಕಿದ್ದು ಎಲ್ಲರ ಮನೆಯೊಳಗೂ ಹೋಗಿ ಕೂರುವ ಹೆಂಗಸಾಗಿ. ಈಗ ಜನ ಎಲ್ಲಕ್ಕಿಂತ ಹೆಚ್ಚಾಗಿ ಹೆದರುತ್ತಿದ್ದದ್ದು ಎಲ್ಲರ ಮನೆಯೊಳಗೂ ಹೋಗಿ ಬರುವವರಿಗೆ. ಹಾಲಿನ ಹುಡುಗ, ಪೇಪರಿನವನು, ಕೆಲಸದವಳು, ಇವರೆಲ್ಲರ ಮೇಲೆ ಬಿದ್ದ ಅನುಮಾನವೇ ಖಾಲಾ ಮೇಲೂ ಬಿತ್ತು. ಆದರೆ ಹಾಲು ಬೇಕಾದ್ದರಿಂದ ಹಾಲಿನವನನ್ನು ದೂರದಲ್ಲಿ ನಿಲ್ಲಿಸಿಕೊಂಡು ಮಾತಾಡಿಸುತ್ತಿದ್ದರು. ಕರೆಯುವವಳು ಯಾರಿಗೆ ಬೇಕಿತ್ತು?

ಅವರು ಆಗಲೂ ಗಲ್ಲಿಗೆ ಬರುತ್ತಿದ್ದರು. ಮೇಲೆ ಹತ್ತುತ್ತಿರಲಿಲ್ಲ. ನಾನು ಬಾಲ್ಕನಿಯಲ್ಲಿ, ಅವರು ಕೆಳಗೆ ವಿದ್ಯುತ್ ಕಂಬಕ್ಕೆ ಒರಗಿಕೊಂಡು.

"ಮೇಲೆ ಬನ್ನಿ ಖಾಲಾ."

"ನಕ್ಕೋ ಅಮ್ಮಾ, ಬೇಡ. ಕೆಳಗಿನ ಮನೆಯೋರು ನೋಡ್ತಾವ್ರೆ. ಆಮೇಲೆ ನಿನ್ನ ರೂಮು ಖಾಲಿ ಮಾಡಿಸ್ತಾರೆ."

"ಊಟ ಆಯ್ತಾ?"

"ಆಯ್ತು, ಆಯ್ತು. ಬಿರಿಯಾನಿ. ನಿನ್ನ ಥರ ದಾಲ್ಚಾ ಮಾತ್ರ ಅಲ್ಲ."

ಆಗಿರಲಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ನಾನು ಚೀಲಕ್ಕೆ ಹಗ್ಗ ಕಟ್ಟಿ ಅಕ್ಕಿಯೋ ಅವಲಕ್ಕಿಯೋ ಇಳಿಸುತ್ತಿದ್ದೆ. ನನ್ನಲ್ಲೂ ಹೆಚ್ಚೇನಿರಲಿಲ್ಲ. ಮದುವೆಗಳಲ್ಲಿ ಯಾರ ಮನೆಗಳಿಗೆ ಅವರು ಹೋಗುತ್ತಿದ್ದರೋ ಆ ಮನೆಗಳಲ್ಲಿ ಕೆಲವರು ರೇಷನ್ ಕಿಟ್ ಹಂಚುತ್ತಿದ್ದರು. ಒಂದು ದಿನ ಖಾಲಾ ಅಂಥ ಒಂದು ಗೇಟಿಗೆ ಹೋಗಿ ಬಂದು ನನಗೆ ಹೇಳಿದರು. ಆ ಮನೆಯ ಮಗ ಇವರನ್ನು ಗುರುತು ಹಿಡಿದು ಸಲಾಂ ಹೇಳಿದ, ಕಿಟ್ಟನ್ನು ಗೇಟಿನ ಹೊರಗೆ ನೆಲದ ಮೇಲಿಟ್ಟು ಹಿಂದೆ ಸರಿದು ನಿಂತ. "ನಾಯಿಗೆ ಇಡ್ತಾರಲ್ಲಮ್ಮಾ, ಹಂಗೆ" ಎಂದು ನಕ್ಕರು. ಆಮೇಲೆ, "ಹುಡುಗ ಒಳ್ಳೆಯವನು. ಅವನ ನಾಮಕರಣಕ್ಕೆ ನಾನೇ ಕರೆದಿದ್ದೆ" ಅಂದರು. ನಕ್ಕರೋ ಇಲ್ಲವೋ ಈಗ ಖಚಿತವಾಗಿ ಹೇಳಲಾರೆ. ಮಾಸ್ಕ್ ಹಾಕಿದ್ದರು. ನಗುವನ್ನು ನಾನೇ ಸೇರಿಸಿರಬಹುದು.

ಬಿಗಿ ಸ್ವಲ್ಪ ಸಡಿಲವಾದ ಮೇಲೆ, ಮನೆಯಲ್ಲೇ ಸ್ವಲ್ಪ ಜನರನ್ನಿಟ್ಟುಕೊಂಡು ಮದುವೆ ಮಾಡಬಹುದೆಂದು ಅಪ್ಪಣೆ ಸಿಕ್ಕಿತು. ಎತ್ತರದ ಗೇಟಿನ ಮನೆಯ ನಸೀಮಾ ಬೇಗಂ ತಮ್ಮ ಮಗಳ ಮದುವೆಯನ್ನು ಮುಗಿಸಿಬಿಡಲು ನಿಶ್ಚಯಿಸಿದರು. ತೊಡಕು ಒಂದೇ. ಎಲ್ಲ ಮುಚ್ಚುವುದಕ್ಕೆ ಮುಂಚೆ, ದೊಡ್ಡ ಶಾದಿಮಹಲಿನ ಮದುವೆಯೆಂದು ಖಾಲಾ ಬೀದಿಬೀದಿಯನ್ನೆಲ್ಲ ಕರೆದು ಬಂದಿದ್ದರು. ಏಲಕ್ಕಿ ಕೊಟ್ಟಾಗಿತ್ತು. ಗಂಡಸರಿಗೆ ಫೋನಿನಲ್ಲಿ ಹೇಳಿಬಿಡಬಹುದು. ಒಳಗಿನವರಿಗೆ, ಏಲಕ್ಕಿ ತೆಗೆದುಕೊಂಡವರಿಗೆ, ಬರಬೇಡಿ ಎಂದು ಫೋನಿನಲ್ಲಿ ಹೇಳುವುದು ಹೇಗೆ? ನಸೀಮಾ ಬೇಗಂ ಹಳೆಯ ರೀತಿಯವರು. ನೀನು ಕರೆದಿದ್ದೆ, ನೀನೇ ಹೋಗಿ ಬೇಡವೆಂದು ಹೇಳಿ ಬಾ ಎಂದು ಖಾಲಾಗೆ ಹೇಳಿ ಕಳಿಸಿದರು.

"ಪ್ರೆಸ್ಸಮ್ಮಾ! ಕೆಲಸ ಬಂತು!" ಎಂಬ ಕೂಗು ಗಲ್ಲಿಯ ತುದಿಯಿಂದಲೇ ಕೇಳಿಸಿತು. ಆ ದಿನ ಅವರು ಕಂಬದ ಹತ್ತಿರ ನಿಲ್ಲಲಿಲ್ಲ. ಅರ್ಧ ಮೆಟ್ಟಿಲು ಹತ್ತಿ ಬಂದು ಕೂತರು. ನಾನು ಮೇಲಿನ ಮೆಟ್ಟಿಲಲ್ಲಿ ಕೂತೆ. ನೂರ್ ಕೆಳಗಿನ ಮೆಟ್ಟಿಲಲ್ಲಿ ಕೂತು, ಯಾರದೋ ಸಿಗರೇಟು ಪ್ಯಾಕುಗಳ ಒಳಗಿನ ಬೆಳ್ಳಿ ಕಾಗದವನ್ನು ಉಗುರಿನಿಂದ ನೀವಿ ನೆಟ್ಟಗೆ ಮಾಡುತ್ತಿದ್ದಳು.

"ಏನು ಹೇಳ್ಬೇಕು, ಹೇಳ್ಕೊಡು. ನೀನು ಓದಿದೋಳು."

ನಾನು ಗಂಟಲು ಸರಿಮಾಡಿಕೊಂಡೆ. "ಅನಿವಾರ್ಯ ಕಾರಣಗಳಿಂದ ಮದುವೆಯನ್ನು ಸರಳವಾಗಿ..."

"ಥೂ, ಸಾಕು ನಿಲ್ಸು. ಕಾರ್ಡು ಓದ್ತಾ ಇದ್ದೀಯ. ಬಾಯಲ್ಲಿ ಆಡೋ ಮಾತು ಹೇಳು ಅಂದ್ರೆ."

"ಈ ಸಲ ಬರಬೇಡಿ, ಇನ್ನೊಂದ್ಸಲ ಕರೀತಾರೆ ಅನ್ನಿ."

"ಇನ್ನೊಂದ್ಸಲ? ಹುಡುಗಿಗೆ ಎಷ್ಟು ಸಲ ಮದುವೆ ಮಾಡ್ತಾರಮ್ಮಾ?"

ನೂರ್ ಬಿದ್ದು ಬಿದ್ದು ನಕ್ಕಳು. ಅಷ್ಟು ತಿಂಗಳಲ್ಲಿ ಅವಳು ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಖಾಲಾ ಮಾತ್ರ ನಗಲಿಲ್ಲ. ಒಂದೊಂದು ಮಾತನ್ನೂ ಬಾಯಲ್ಲಿ ಹೊರಳಿಸಿ ನೋಡಿ ಬಿಟ್ಟರು. "ಬನ್ನಿ ಅನ್ನೋಕೆ ನಂಗೆ ಎಷ್ಟು ಥರ ಬರುತ್ತೆ ಗೊತ್ತಾ? ಮುನಿಸ್ಕೊಂಡಿರೋರ್ಗೆ ಬೇರೆ, ಬಾಣಂತಿಗೆ ಬೇರೆ, ಗಂಡ ಕಳಿಸಲ್ಲ ಅನ್ನೋಳ್ಗೆ ಬೇರೆ. ಬರಬೇಡ ಅನ್ನೋಕೆ ಮಾತ್ರ ಒಂದೂ ಬರ್ತಾ ಇಲ್ಲ. ಯಾವತ್ತೂ ಬೇಕಾಗಿರ್ಲಿಲ್ಲ ನೋಡು."

ಆಗ ನಾನು ನೂರ್‌ಳ ಕೈಯಲ್ಲಿದ್ದ ಬೆಳ್ಳಿ ಕಾಗದವನ್ನು ಗಮನಿಸಿ, "ಇದ್ಯಾಕೆ ಖಾಲಾ? ಕರೆಯೋಕಲ್ವಲ್ಲ ಹೋಗ್ತಿರೋದು" ಎಂದೆ.

"ಬರಿಗೈಲಿ ಹೋಗ್ಲಾ?" ಖಾಲಾ ನನ್ನನ್ನು ಹುಚ್ಚಿಯೆಂಬಂತೆ ನೋಡಿದರು. "ನಾನು ಬರಿಗೈಲಿ ಯಾರ್ದಾದ್ರೂ ಬಾಗಿಲಿಗೆ ಹೋಗೋದು ಸಾವಿನ ಸುದ್ದಿ ಹೇಳೋಕೆ ಮಾತ್ರ. ಈ ದಿವಸದಲ್ಲಿ ನಾನು ಬರಿಗೈಲಿ ನಿಂತ್ರೆ ಆ ಹೆಂಗಸರು ಎದೆ ಒಡ್ಕೊಳ್ಳಲ್ವಾ? ಕೈಯಲ್ಲಿ ಏಲಕ್ಕಿ ಕಂಡ್ರೆ, ಓ, ಎಲ್ಲಾ ಚೆನ್ನಾಗವ್ರೆ ಅಂತ ಆಗುತ್ತೆ. ಆಮೇಲೆ ನಿಧಾನಕ್ಕೆ ವಿಷಯ ಹೇಳಿದ್ರಾಯ್ತು."

ನೂರ್ ಅಂಗಡಿಯವನನ್ನು ಕಾಡಿ ಬೇಡಿ ಏಲಕ್ಕಿ ತಂದಿದ್ದಳು. ಖಾಲಾ ಬುರ್ಖಾದ ಧೂಳು ಕೊಡವಿಕೊಂಡು ಹೊರಟರು. ಗಲ್ಲಿಯಲ್ಲಿ ಅವರು ನಡೆದುಹೋದ ರೀತಿ ನನಗೆ ಚೆನ್ನಾಗಿ ನೆನಪಿದೆ. ಹಿಂದೆ ಎಂದೂ ಅಷ್ಟು ಬೇಗ ನಡೆದಿರಲಿಲ್ಲ.

ಯಾರೂ ಅವರನ್ನು ಒಳಗೆ ಬಿಡಲಿಲ್ಲ. ಇದನ್ನು ಅವರೇ ಹೇಳಿದ್ದು. ಗೇಟಿನ ಹೊರಗೆ ನಿಂತು, ಮಾಸ್ಕಿನೊಳಗಿಂದ, ಬೀದಿಯ ಆಟೋ ಸದ್ದಿನ ನಡುವೆ ಕೂಗಿ ಹೇಳಬೇಕಾಯಿತು. ಹೇಳಿ, ಗೇಟಿನ ಕಂಬದ ಮೇಲೆ ಏಲಕ್ಕಿಯಿಟ್ಟು, ಹಿಂದೆ ಸರಿದು ನಿಲ್ಲುತ್ತಿದ್ದರು. ಒಳಗಿನವರು ಬಂದು ಎತ್ತಿಕೊಳ್ಳುತ್ತಿದ್ದರು.

ಮದುವೆಯ ದಿನ ನಡೆದದ್ದನ್ನು ನಾನು ನೋಡಿಲ್ಲ. ಏಲಕ್ಕಿ ತೆಗೆದುಕೊಂಡವರು ಬಂದರು ಎನ್ನುವುದಷ್ಟು ನಿಜ. ಬರಬೇಡಿ ಎಂಬ ಮಾತು ಅವರಿಗೆ ಕೇಳಿಸಿರಲಿಲ್ಲವೆಂದಲ್ಲ. ಕೇಳಿಸಿತ್ತು. ಅದು ಪೊಲೀಸಿನವರ ಕಿವಿಗೆಂದು ಹೇಳಿದ ಮಾತು ಎಂದುಕೊಂಡರು. ಏಲಕ್ಕಿ ಎರಡನೆಯ ಸಲ ಬಂದಿದೆಯೆಂದರೆ ಎಷ್ಟು ಆದರದಿಂದ ಕರೆದಿರಬೇಕು, ಹೋಗದಿದ್ದರೆ ಬೇಗಂ ನೊಂದುಕೊಳ್ಳುತ್ತಾರೆ ಎಂದು ಹೊರಟರು. ಮುಂದಿನದಕ್ಕೆ ನನ್ನ ಹತ್ತಿರ ಮೂರು ಕಥೆಗಳಿವೆ. ಕೆಳಗಿನ ಮನೆಯವರು ಹೇಳಿದ ಪ್ರಕಾರ ರಸ್ತೆ ತುಂಬಾ ಕಾರು, ಪೊಲೀಸ್ ಜೀಪು, ಗಂಡಿನ ಕಡೆಯವರ ರಂಪ. ತಮ್ಮ ಕಡೆಯವರನ್ನೆಲ್ಲ ಬಿಟ್ಟು ಬಂದಿದ್ದ ಅವರು, ನೀವು ಮಾತ್ರ ಊರನ್ನೇ ಕರೆದಿದ್ದೀರಿ ಎಂದು ಊಟಕ್ಕೆ ಕೂರದೆ ಎದ್ದರಂತೆ. ನೂರ್ ಹೇಳಿದ ಪ್ರಕಾರ ಜೀಪು ಬರಲಿಲ್ಲ, ರಂಪ ಆಯಿತು. ಖಾಲಾ ಹೇಳಿದ ಪ್ರಕಾರ ಏನೂ ಆಗಲಿಲ್ಲ. ಹೆಂಗಸರು ಗೇಟಿನ ಹೊರಗೆ ದೂರ ದೂರ ನಿಂತು, ಮಹಡಿಯ ಮೇಲೆ ಬಂದು ನಿಂತ ಮದುಮಗಳಿಗೆ ಕೈಯೆತ್ತಿ ದುವಾ ಮಾಡಿ, ಬಂದ ಹಾಗೆಯೇ ಹೋದರು. "ಅಷ್ಟು ಚೆಂದದ ಮದುವೆ ನಾನು ನೋಡೇ ಇಲ್ಲ ಪ್ರೆಸ್ಸಮ್ಮಾ." ಖಾಲಾ ಕೂಡ ಅಲ್ಲಿರಲಿಲ್ಲ. ಕರೆಯುವವರನ್ನು ಮದುವೆಗೆ ಯಾರೂ ಕರೆಯುವುದಿಲ್ಲ.

ಸಂಜೆ ನಸೀಮಾ ಬೇಗಂ ಮನೆಯ ಡ್ರೈವರ್ ಬಂದು ಗಲ್ಲಿಯಲ್ಲಿ ಎಲ್ಲರಿಗೂ ಕೇಳುವಂತೆ, ಖಾಲಾ ಇನ್ನು ಮೇಲೆ ಆ ಕಡೆ ಬರಬಾರದಂತೆ ಎಂದು ಹೇಳಿ ಹೋದ. ಅವನಿಗೆ ಬರಬೇಡ ಅನ್ನುವ ಮಾತು ಸಲೀಸಾಗಿ ಬರುತ್ತಿತ್ತು.

ಒಂದು ತ‍ಪ್ಪಿನಿಂದ ಅವರ ಅನ್ನ ಹೋಯಿತು ಎಂದು ಇಲ್ಲಿಗೆ ನಿಲ್ಲಿಸಿದರೆ ಕಥೆ ಅಚ್ಚುಕಟ್ಟಾಗುತ್ತದೆ. ಹಾಗೆ ಆಗಲಿಲ್ಲ. ಜನ ಆ ಮದುವೆಯನ್ನು ಬೇಗ ಮರೆತರು, ಅದಕ್ಕಿಂತ ದೊಡ್ಡ ಸಂಕಟಗಳು ಎಲ್ಲರ ಮನೆಗೂ ಬಂದವು. ಎರಡನೆಯ ಅಲೆ ಬಂದು ಹೋಯಿತು. ಆಮೇಲೆ ಶಾದಿಮಹಲುಗಳ ದೀಪ ಮತ್ತೆ ಹತ್ತಿತು, ಮದುವೆಗಳು ಮೊದಲಿಗಿಂತ ದೊಡ್ಡದಾಗಿ ನಡೆದವು. ಖಾಲಾ ಕಾದರು. "ಈ ಸೀಸನ್ ನೋಡೋಣ" ಎಂದರು. "ರಂಜಾನ್ ಕಳೀಲಿ" ಎಂದರು. ಬುರ್ಖಾ ಒಗೆದು ಇಸ್ತ್ರಿ ಹಾಕಿಸಿಟ್ಟರು. ಯಾರೂ ಸಿಟ್ಟಿನಿಂದ ಅವರನ್ನು ಬಿಡಲಿಲ್ಲ. ಆ ಎರಡು ವರ್ಷಗಳಲ್ಲಿ, ಫೋನಿನಲ್ಲಿ ಹಾಡು ಹಾಕಿದ ಒಂದು ವಿಡಿಯೋ ಕಳಿಸಿದರೂ ಜನ ಬರುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು, ಅಷ್ಟೇ. ಹಳಬರಾದ ಯಜಮಾನಿಯರಲ್ಲಿ ಕೆಲವರು ಉಳಿದಿರಲಿಲ್ಲ. ಉಳಿದವರ ಸೊಸೆಯಂದಿರಿಗೆ, ಒಬ್ಬ ಮುದುಕಿ ಬಂದು ಒಳಗೆ ಕೂತು ನೀರು ಕೇಳುವುದು ಯಾಕೆಂದು ಗೊತ್ತಿರಲಿಲ್ಲ. ರೋಗ ಹೋದ ಮೇಲೆ ಅದು ಕಲಿಸಿದ ಅಭ್ಯಾಸ ಉಳಿಯಿತು. ಗೇಟಿನಲ್ಲೇ ಮಾತು ಮುಗಿಸುವ ಅಭ್ಯಾಸ.

ನಮ್ಮ ಪ್ರೆಸ್ಸೂ ಕಾರ್ಡು ಬಿಟ್ಟು ಔಷಧಿ ಡಬ್ಬಿಗಳ ಲೇಬಲ್ಲಿಗೆ ಇಳಿಯಿತು, ಅದಕ್ಕೆ ನಾನು ಬೇಕಾಗಲಿಲ್ಲ. ಮನೆಯಲ್ಲೇ ಕೂತು ಬೇರೆಯವರ ಪುಸ್ತಕಗಳ ಕರಡು ನೋಡತೊಡಗಿದೆ, ಹಲಸೂರಿಗೆ ಬಂದೆ. ನೂರ್‌ಗೆ ಹೊರಮಾವಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್ ಕೆಲಸ ಸಿಕ್ಕಿತು. ಫ್ರೇಜರ್ ಟೌನಿನ ತಮ್ಮ ಕೋಣೆ ಬಿಟ್ಟು ತಾಯಿ ಮಗಳು ಕೆ.ಆರ್. ಪುರದ ಕಡೆ ಹೋದರು. ಹೋಗುವಾಗ ಖಾಲಾ ನನಗೆ ಹೇಳಿ ಹೋದರೋ ಇಲ್ಲವೋ ನೆನಪಿಲ್ಲ. ನೆನಪಿರಬೇಕಿತ್ತು ಅಲ್ಲವೇ? ಕೈ ಬೀಸುತ್ತಾ ಆಟೋ ಹತ್ತುವ ಒಂದು ಚಿತ್ರ ನನ್ನಲ್ಲಿದೆ, ಆದರೆ ಅದರಲ್ಲಿ ಅವರ ಮುಖಕ್ಕೆ ಮಾಸ್ಕಿಲ್ಲ, ವಯಸ್ಸೂ ಕಡಿಮೆ. ಬೇರೆ ಯಾವುದೋ ದಿನದ್ದಿರಬೇಕು.

ಇಷ್ಟೆಲ್ಲ ನೆನಪಾದದ್ದು ಪಾತ್ರೆ ತೊಳೆದು ಮುಗಿಯುವುದರೊಳಗೆ. ಕೈ ಒರೆಸಿಕೊಂಡು ನೂರ್‌ಳ ಹಳೆಯ ನಂಬರಿಗೆ ಫೋನು ಮಾಡಿದೆ. ಸಿಗಲಾರದು ಎಂದುಕೊಂಡಿದ್ದೆ, ಅವಳೇ ಎತ್ತಿದಳು.

"ಅಕ್ಕಾ! ಎಲ್ಲಿದ್ದೀರಾ ನೀವು? ಅಮ್ಮಿನಾ? ಅವ್ರಿಗೇನು, ಗಟ್ಟಿಮುಟ್ಟಾಗವ್ರೆ. ದಿನಾ ನಂಗೇ ಬಯ್ತಾರೆ. ನಾನು ಕೆಲಸಕ್ಕೆ ಹೋಗಿರ್ತೀನಿ, ಅವ್ರು ಮನೇಲೇ ಇರ್ತಾರೆ, ನೀವು ಯಾವಾಗ ಬೇಕಾದ್ರೂ ಹೋಗಿ" ಎಂದು ಗುರುತು ಹೇಳಿದಳು.

ಮೊನ್ನೆ ಗುರುವಾರ ಹೋದೆ. ಕೆ.ಆರ್. ಪುರ ಮೆಟ್ರೋ ಇಳಿದು, ರೈಲು ಹಳಿಯ ಪಕ್ಕದ ರಸ್ತೆಯಲ್ಲಿ ಕೇಳಿಕೊಂಡು ಕೇಳಿಕೊಂಡು ನಡೆದರೆ ಒಂದರ ಪಕ್ಕ ಒಂದು ಬಾಗಿಲಿರುವ ವಠಾರ. ಕೊನೆಯ ಬಾಗಿಲಿಗೆ ಹೂವಿನ ಪರದೆ. ನಾನು ಕೂಗುವ ಮೊದಲೇ ಖಾಲಾ ಪರದೆ ಸರಿಸಿ ಹೊರಗೆ ಬಂದರು. ಸಣ್ಣಗಾಗಿದ್ದರು. ನನ್ನ ಕೈ ಹಿಡಿದುಕೊಂಡು, "ಪ್ರೆಸ್ಸಮ್ಮಾ, ಎಷ್ಟು ಕಪ್ಪಗಾಗಿದ್ದೀಯ! ಈಗಲೂ ಬ್ರೆಡ್ಡೇ ತಿಂತೀಯಾ? ಯಾರಾದ್ರೂ ಮಾಡಿಹಾಕೋರು ಸಿಕ್ಕಿದ್ರಾ ಇಲ್ವಾ?" ಎಂದರು. ನಾನು ಇಲ್ಲವೆಂದೆ. "ಸಿಗ್ದಿದ್ರೆ ಒಳ್ಳೇದೇ ಬಿಡು, ಸಿಕ್ಕೋರನ್ನೆಲ್ಲಾ ನೋಡಿದ್ದೀನಿ" ಎಂದರು. ಹಳೆಯ ಮನೆಗಳ ಸುದ್ದಿ ಕೇಳಿದರು. ನನಗೆ ಗೊತ್ತಿದ್ದದ್ದು ಕಡಿಮೆ, ಗೊತ್ತಿಲ್ಲದ್ದನ್ನು ಅವರೇ ಊಹಿಸಿ ನನಗೆ ಹೇಳಿದರು. ರೈಲೊಂದು ಬಂತು, ಅದು ಹೋಗುವವರೆಗೆ ಇಬ್ಬರೂ ಬಾಯಿ ಮುಚ್ಚಿಕೊಂಡು ಒಬ್ಬರನ್ನೊಬ್ಬರು ನೋಡುತ್ತಾ ನಿಂತೆವು. "ದಿನಾ ಹಿಂಗೇ. ಅರ್ಧ ಮಾತು ಇದೇ ತಿಂದ್ಹಾಕುತ್ತೆ" ಎಂದರು.

ಆಮೇಲೆ ನನ್ನ ಕೆನ್ನೆ ಸವರಿ ಹೇಳಿದರು. "ನೀನು ಬಂದಿದ್ದೇ ನಂಗೆ ಇವತ್ತು ಈದ್ ಆಗೋಯ್ತು ಕಣಮ್ಮಾ. ಬಿಸಿಲು ಏರೋಕೆ ಮುಂಚೆ ಹೊರಡು, ತಲೆ ಸುತ್ತುತ್ತೆ ನಿಂಗೆ. ಇನ್ನೊಂದು ದಿನ ನೂರ್ ಇರೋವಾಗ ಬರುವಿಯಂತೆ, ಕೂತ್ಕೊಂಡು ಸರಿಯಾಗಿ ಮಾತಾಡೋಣ. ನಾನೇ ಹೇಳಿ ಕಳಿಸ್ತೀನಿ."

ನನಗೆ ಎಷ್ಟು ಹಿತವಾಯಿತೆಂದರೆ, ಮೆಟ್ರೋ ನಿಲ್ದಾಣದವರೆಗೆ ನಡೆದದ್ದೇ ತಿಳಿಯಲಿಲ್ಲ. ಸೀಟು ಸಿಕ್ಕಿತು. ಬೆನ್ನಿಗಾನಹಳ್ಳಿ ಬಂತು, ಬೈಯಪ್ಪನಹಳ್ಳಿ ಬಂತು. ಯಾರೋ ನನ್ನನ್ನು ಬಹಳ ಆದರದಿಂದ ಕರೆದ ಹಾಗೆ ಮನಸ್ಸು ತುಂಬಿಕೊಂಡಿತ್ತು. ಇಂದಿರಾನಗರ ದಾಟಿದ ಮೇಲೆ, ಅವರು ಮಾತಾಡುವಷ್ಟು ಹೊತ್ತೂ ಬೆನ್ನ ಹಿಂದೆ ಒಂದು ಕೈಯಲ್ಲಿ ಪರದೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದದ್ದು ನನಗೆ ಕಂಡಿತು. ಆಗ ಕಂಡಿರಲಿಲ್ಲ, ರೈಲಿನಲ್ಲಿ ಕಂಡಿತು. ಒಳಗೆ ಏನಿತ್ತು, ಏನಿರಲಿಲ್ಲ, ನನಗೆ ಗೊತ್ತಿಲ್ಲ. ಹೇಳಿ ಕಳಿಸುತ್ತೇನೆ ಎಂದರಲ್ಲ, ಕಳಿಸಲು ಅವರಿಗೆ ಯಾರಿದ್ದಾರೆ? ನಾನು ಎಲ್ಲಿರುತ್ತೇನೆಂದು ಅವರು ಕೇಳಿಕೊಂಡೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂತು ಹುಡುಕಿ ಹುಡುಕಿ ಸಿಗದಿದ್ದ, ಬರಬೇಡ ಅನ್ನುವ ಮಾತು ಅವರಿಗೆ ಈಗ ಸಿಕ್ಕಿತ್ತು. ಕೇಳಿಸಿಕೊಂಡವರಿಗೆ ನೋವೇ ಆಗದ ಹಾಗೆ, ಇಂದಿರಾನಗರ ದಾಟುವವರೆಗೆ ಅರ್ಥವೇ ಆಗದ ಹಾಗೆ.

ಹಲಸೂರಿನಲ್ಲಿ ಬಾಗಿಲು ತೆರೆಯಿತು. ನಾನು ಏಳಲಿಲ್ಲ. ಕರೆಯದ ಕಡೆ ಹೋಗಿ ನನಗೆ ಅಭ್ಯಾಸವಿಲ್ಲ. ಕರೆದ ಕಡೆಗೇ ಹೋಗಲು ಹಿಂದೆಮುಂದೆ ನೋಡುವವಳು. ಟ್ರಿನಿಟಿಯಲ್ಲಿ ಇಳಿದೆ. ಮೆಟ್ಟಿಲಿಳಿದು, ಆಚೆ ಬದಿಯ ಮೆಟ್ಟಿಲು ಹತ್ತಿ, ಬಂದ ದಿಕ್ಕಿಗೇ ಹೋಗುವ ರೈಲಿಗೆ ಕಾಯುತ್ತಾ ನಿಂತೆ. ಪರದೆಯ ಹೊರಗೆ ನಿಂತು ಏನು ಹೇಳಬೇಕು ಎಂದು ಯೋಚಿಸಿದೆ. ಯಾವುದೂ ಸರಿಬರಲಿಲ್ಲ. ಎಲ್ಲವೂ ಕಾರ್ಡಿನಲ್ಲಿ ಅಚ್ಚು ಹಾಕಿದ ಹಾಗೆ ಕೇಳಿಸುತ್ತಿತ್ತು. ರೈಲು ಬಂತು. ಹತ್ತಿದೆ.